ಕೀಟಸಂಗ್ರಾಹಕ ವಾಲೇಸ್

ಲಂಡನ್ ನಗರದ ಪ್ರಕೃತಿ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಮುಚ್ಚಳವುಳ್ಳ ಸಹಸ್ರಾರು ಪೆಟ್ಟಿಗೆಗಳಿವೆ. ಅವುಗಳೊಳಗೆ ಚಿಟ್ಟೆಗಳು, ದುಂಬಿಗಳು, ಕಣಜಗಳು ಸಾಲುಸಾಲಾಗಿ ನಿಂತಿವೆ. ಒಂದೊಂದರ ಮೈಯಲ್ಲೂ ತೆಳುವಾದ ಸೂಜಿಯೊಂದು ಹಾದುಹೋಗಿದೆ. ಅದೇ ಸೂಜಿಯಲ್ಲಿ, ಕೀಟದ ಕೆಳಗೆ, ಉಗುರಿನಷ್ಟು ಸಣ್ಣ ಕಾಗದದ ಚೀಟಿ ಸಿಕ್ಕಿಕೊಂಡಿದೆ. ಅದರ ಮೇಲೆ ಯಾವುದೋ ದೂರದ ದ್ವೀಪದ ಹೆಸರು. ಇವುಗಳಲ್ಲಿ ಎಷ್ಟೋ ಕೀಟಗಳು ನೂರೈವತ್ತು ವರ್ಷಗಳಿಗೂ ಹಿಂದೆ ಮಲಯ ದ್ವೀಪಸಮೂಹದ ಕಾಡುಗಳಲ್ಲಿ ಹಾರಾಡುತ್ತಿದ್ದವು. ಅವುಗಳನ್ನು ಹಿಡಿದು, ಒಣಗಿಸಿ, ಸೂಜಿಗೆ ಚುಚ್ಚಿ, ಚೀಟಿ ಬರೆದು ಕಳುಹಿಸಿದವನು ಆಲ್ಫ್ರೆಡ್ ರಸೆಲ್ ವಾಲೇಸ್. ಜೀವವಿಕಾಸದ ಮೂಲತತ್ತ್ವವನ್ನು ಡಾರ್ವಿನ್ನನಂತೆಯೇ ಸ್ವತಂತ್ರವಾಗಿ ಕಂಡುಕೊಂಡ ಮಹಾಪುರುಷನೆಂದು ಜಗತ್ತು ಅವನನ್ನು ಸ್ಮರಿಸುತ್ತದೆ. ಆದರೆ ಆ ತತ್ತ್ವದ ಬಾಗಿಲಿಗೆ ಅವನನ್ನು ಕರೆದೊಯ್ದದ್ದು ಸೂಜಿ, ಬೆಂಡು ಮತ್ತು ಚೀಟಿಗಳ ದೀರ್ಘವಾದ ದಾರಿ.

ವಾಲೇಸನು 1823ನೆಯ ಜನವರಿ 8ರಂದು ವೇಲ್ಸಿನ ಗಡಿಪ್ರದೇಶದಲ್ಲಿರುವ ಅಸ್ಕ್ ಎಂಬ ಊರಿನ ಬಳಿ ಜನಿಸಿದನು. ತಂದೆಗೆ ಒಂದು ಕಾಲದಲ್ಲಿ ಅಲ್ಪಸ್ವಲ್ಪ ಆಸ್ತಿ ಇದ್ದಿತು. ಕೈಹಾಕಿದ ಉದ್ಯಮಗಳೆಲ್ಲ ನಷ್ಟಕ್ಕೀಡಾಗಿ ಸಂಸಾರ ಬಡತನಕ್ಕೆ ಇಳಿಯಿತು. ಹೀಗಾಗಿ ಬಾಲಕನ ವಿದ್ಯಾಭ್ಯಾಸ ಹದಿನಾಲ್ಕನೆಯ ವಯಸ್ಸಿಗೆ ನಿಂತುಹೋಯಿತು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಅವನು ವಿದ್ಯಾರ್ಥಿಯಾಗಿ ಎಂದೂ ಹತ್ತಲಿಲ್ಲ. 1837ರಲ್ಲಿ ಅವನು ಅಣ್ಣ ವಿಲಿಯಂನ ಕೈಕೆಳಗೆ ಭೂಮಾಪನದ ಕೆಲಸಕ್ಕೆ ಸೇರಿದನು. ಅಳತೆಯ ಸರಪಳಿಯನ್ನು ಎಳೆಯುತ್ತ ಹೊಲಗದ್ದೆ, ಗುಡ್ಡಬೆಟ್ಟಗಳನ್ನು ಸುತ್ತುವಾಗ ಕಾಲಡಿಯ ಗಿಡಮೂಲಿಕೆಗಳ ಹೆಸರನ್ನು ತಿಳಿಯಬೇಕೆಂಬ ಹಂಬಲ ಅವನಲ್ಲಿ ಮೊಳೆಯಿತು. ಅಗ್ಗದ ಬೆಲೆಯ ಒಂದು ಸಸ್ಯಶಾಸ್ತ್ರದ ಪುಸ್ತಕವನ್ನು ಕೊಂಡು, ಸಸ್ಯಗಳನ್ನು ಒಣಗಿಸಿಡಲು ತೊಡಗಿದನು. ನೆಲವನ್ನು ಅಳೆಯುವವನಿಗೆ ಸ್ಥಳದ ನಿಖರತೆ ಎಷ್ಟು ಮುಖ್ಯವೆಂಬ ಪಾಠವೂ ಅಲ್ಲಿಯೇ ಆಯಿತು. ಈ ಪಾಠ ಮುಂದೆ ಅವನ ಕೈಬಿಡಲಿಲ್ಲ.

1844ರಲ್ಲಿ ವಾಲೇಸನು ಲೆಸ್ಟರ್ ಪಟ್ಟಣದ ಶಾಲೆಯೊಂದರಲ್ಲಿ ಉಪಾಧ್ಯಾಯನಾದನು. ಆ ಊರಿನ ಪುಸ್ತಕಾಲಯದಲ್ಲಿ ಅವನಿಗೆ ಹೆನ್ರಿ ವಾಲ್ಟರ್ ಬೇಟ್ಸ್ ಎಂಬ ತರುಣನ ಪರಿಚಯವಾಯಿತು. ಬೇಟ್ಸನಿಗೆ ದುಂಬಿಗಳನ್ನು ಸಂಗ್ರಹಿಸುವ ಹವ್ಯಾಸವಿತ್ತು. ಮುಂದಿನ ರೆಕ್ಕೆಗಳು ಗಟ್ಟಿಯಾದ ಕವಚವಾಗಿ ಮಾರ್ಪಟ್ಟು, ಹಾರುವ ತೆಳುರೆಕ್ಕೆಗಳನ್ನು ಮುಚ್ಚಿ ಕಾಪಾಡುವ ಕೀಟಗಳೇ ದುಂಬಿಗಳು. ಆ ಪಟ್ಟಣದ ಸುತ್ತ ಹತ್ತು ಮೈಲಿಗಳೊಳಗೆ ಸುಮಾರು ಸಾವಿರ ಬಗೆಯ ದುಂಬಿಗಳು ದೊರೆಯಬಹುದೆಂದು ಬೇಟ್ಸನಿಂದ ತಿಳಿದಾಗ ವಾಲೇಸನು ಬೆರಗಾದನು. ಕಾಲಿನ ಕೆಳಗೇ ಇದ್ದ ಒಂದು ಪ್ರಪಂಚ ಅದುವರೆಗೆ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಕೂಡಲೆ ಅವನು ಒಂದು ಸೀಸೆ, ಒಂದಿಷ್ಟು ಸೂಜಿಗಳು ಮತ್ತು ಒಂದು ಪೆಟ್ಟಿಗೆಯನ್ನು ಕೊಂಡು ತಂದನು. ಅವನ ಜೀವನದ ನಿಜವಾದ ವಿದ್ಯಾಭ್ಯಾಸ ಅಂದು ಆರಂಭವಾಯಿತು.

ಕೀಟವನ್ನು ಕೆಡದಂತೆ ಇಡುವುದು ನೋಡಲು ಸುಲಭ, ಮಾಡಲು ಕಠಿಣ. ಚಿಟ್ಟೆಯಾದರೆ ಸೂಜಿ ಎದೆಭಾಗದ ನಟ್ಟನಡುವೆ ನೆಟ್ಟಗೆ ಇಳಿಯಬೇಕು. ದುಂಬಿಯಾದರೆ ಬಲಗಡೆಯ ರೆಕ್ಕೆಕವಚದ ಮೂಲಕ ಹಾಯಬೇಕು. ನಡುವೆ ಚುಚ್ಚಿದರೆ ಕವಚಗಳು ಬಿಚ್ಚಿಕೊಳ್ಳುತ್ತವೆ. ಸೂಜಿಯನ್ನು ತಾಳಲಾರದಷ್ಟು ಸಣ್ಣ ಕೀಟವನ್ನು ಕಾಗದದ ರಟ್ಟಿನ ಮೇಲೆ ಗೋಂದಿನಿಂದ ಅಂಟಿಸಬೇಕು. ಚಿಟ್ಟೆಯ ಒಡಲನ್ನು ಹಲಗೆಯ ನಡುವಣ ಕಾಲುವೆಯಲ್ಲಿಳಿಸಿ, ರೆಕ್ಕೆಗಳನ್ನು ಎರಡು ಕಡೆಗೂ ಸಮನಾಗಿ ಹರಡಿ, ಕಾಗದದ ಪಟ್ಟಿಗಳಿಂದ ಒತ್ತಿಹಿಡಿದು, ಪೂರ್ತಿಯಾಗಿ ಒಣಗುವವರೆಗೆ ಕಾಯಬೇಕು. ಒಣಗಿದ ಮೇಲೆ ಅದರ ಕಾಲೂ ಮೀಸೆಯೂ ಗಾಜಿನಂತೆ ಪೆಡಸಾಗುತ್ತವೆ. ಬೆರಳು ತಗುಲಿದರೆ ಮುರಿಯುತ್ತವೆ. ಬಳಿಕ ತಳದಲ್ಲಿ ಬೆಂಡು ಹಾಸಿದ ಪೆಟ್ಟಿಗೆಯಲ್ಲಿ ನೆಟ್ಟು, ಹುಳು ಹತ್ತದಂತೆ ಕರ್ಪೂರವಿಟ್ಟು ಮುಚ್ಚಬೇಕು. ಇಷ್ಟೆಲ್ಲ ಮಾಡಿಯೂ, ಅದು ಎಲ್ಲಿ ದೊರೆಯಿತೆಂದು ಬರೆದಿಡದಿದ್ದರೆ ಪಂಡಿತನಿಗೆ ಅದರಿಂದಾಗುವ ಪ್ರಯೋಜನ ಅತ್ಯಲ್ಪ.

ಈ ವಿದ್ಯೆಯನ್ನು ನೆಚ್ಚಿಕೊಂಡು ಇಬ್ಬರು ಗೆಳೆಯರೂ 1848ರ ಏಪ್ರಿಲಿನಲ್ಲಿ ಲಿವರ್ಪೂಲ್ ರೇವಿನಿಂದ ದಕ್ಷಿಣ ಅಮೆರಿಕಕ್ಕೆ ಹೊರಟರು. ಅಮೆಜಾನ್ ನದಿಯ ಕಾಡುಗಳಲ್ಲಿ ಕೀಟಗಳನ್ನೂ ಪಕ್ಷಿಗಳನ್ನೂ ಸಂಗ್ರಹಿಸುವುದು, ಹೆಚ್ಚಿನವನ್ನು ಲಂಡನ್ನಿನ ಮಧ್ಯವರ್ತಿಯಾದ ಸ್ಯಾಮ್ಯುಯಲ್ ಸ್ಟೀವನ್ಸನ ಮೂಲಕ ಮಾರಿ ಖರ್ಚು ತೂಗಿಸುವುದು, ಜೀವಜಾತಿಗಳು ಹೇಗೆ ಹುಟ್ಟಿದವೆಂಬ ಪ್ರಶ್ನೆಗೆ ಉತ್ತರ ಹುಡುಕುವುದು, ಇದು ಅವರ ಯೋಜನೆಯಾಗಿತ್ತು. ಕೆಲವು ಕಾಲದ ಮೇಲೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ವಾಲೇಸನು ರಿಯೋ ನೀಗ್ರೋ ನದಿಯನ್ನೇರಿ, ಯೂರೋಪಿನ ಪ್ರಕೃತಿವಿಜ್ಞಾನಿಗಳು ಕಂಡಿರದ ಎಡೆಗಳನ್ನು ಹೊಕ್ಕನು. ನೆರವಾಗಲೆಂದು ಬಂದ ತಮ್ಮ ಹರ್ಬರ್ಟನು 1851ರಲ್ಲಿ ಪಾರಾ ಪಟ್ಟಣದಲ್ಲಿ ಹಳದಿ ಜ್ವರಕ್ಕೆ ತುತ್ತಾದನು. ನೂರಾರು ಮೈಲಿ ದೂರದಲ್ಲಿದ್ದ ಅಣ್ಣನಿಗೆ ತಮ್ಮನ ಅಂತಿಮದರ್ಶನವೂ ದೊರೆಯಲಿಲ್ಲ. ಅವನೂ ಜ್ವರದಿಂದ ಮರಣದ ಅಂಚಿನವರೆಗೆ ಹೋಗಿಬಂದನು.

ನಾಲ್ಕು ವರ್ಷಗಳ ದುಡಿಮೆಯ ಫಲವನ್ನು ಪೆಟ್ಟಿಗೆಗಳಲ್ಲಿ ತುಂಬಿಕೊಂಡು, 1852ರ ಜುಲೈ 12ರಂದು ವಾಲೇಸನು ಹೆಲೆನ್ ಎಂಬ ಹಡಗನ್ನೇರಿದನು. ಮೊದಲೇ ಇಂಗ್ಲೆಂಡಿಗೆ ತಲುಪಬೇಕಾಗಿದ್ದ ಕೆಲವು ಪೆಟ್ಟಿಗೆಗಳು ಮಾರ್ಗದಲ್ಲಿ ತಡೆದು ನಿಂತಿದ್ದುದರಿಂದ ಅವೂ ಆ ಹಡಗನ್ನೇ ಸೇರಿದವು. ಆಗಸ್ಟ್ 6ರಂದು ಬೆಳಿಗ್ಗೆ ನಡುಗಡಲಿನಲ್ಲಿ ಹಡಗಿನ ಒಡಲಿನಿಂದ ಹೊಗೆ ಎದ್ದಿತು. ನಾವಿಕರು ಎಷ್ಟು ನೀರು ಸುರಿದರೂ ಬೆಂಕಿ ಆರಲಿಲ್ಲ. ಹೊಗೆ ತುಂಬಿದ ಕೋಣೆಗೆ ನುಗ್ಗಿ ವಾಲೇಸನು ಕೈಗೆ ಸಿಕ್ಕಿದ ಒಂದು ಸಣ್ಣ ತಗಡಿನ ಪೆಟ್ಟಿಗೆಯನ್ನಷ್ಟೆ ಎತ್ತಿಕೊಂಡನು. ಅದರಲ್ಲಿ ಮೀನುಗಳ ಮತ್ತು ತಾಳೆಜಾತಿಯ ಮರಗಳ ಕೆಲವು ಚಿತ್ರಗಳಿದ್ದವು. ಹಗ್ಗ ಹಿಡಿದು ದೋಣಿಗಿಳಿಯುವಾಗ ಅಂಗೈಗಳ ಚರ್ಮ ಸುಲಿದುಹೋಯಿತು. ಸೋರುವ ದೋಣಿಯಲ್ಲಿ ಕುಳಿತು ನೀರನ್ನು ಮೊಗೆದು ಹಾಕುತ್ತ, ತನ್ನ ಚಿಟ್ಟೆಗಳೂ ದುಂಬಿಗಳೂ ಟಿಪ್ಪಣಿಗಳೂ ಉರಿದುಹೋಗುವುದನ್ನು ಅವನು ನೋಡಬೇಕಾಯಿತು. ಹತ್ತು ದಿನ ತೆರೆದ ಕಡಲಿನಲ್ಲಿ ತೇಲಿದ ಮೇಲೆ, ಆ ದಾರಿಯಾಗಿ ಬಂದ ಇನ್ನೊಂದು ಹಡಗು ಅವರನ್ನು ಕಾಪಾಡಿತು. ಅಕ್ಟೋಬರ್ 1ರಂದು ವಾಲೇಸನು ಇಂಗ್ಲೆಂಡಿನ ತೀರದಲ್ಲಿ ಇಳಿದಾಗ ಅವನ ಬಳಿ ಉಟ್ಟ ಬಟ್ಟೆಯ ಹೊರತು ಹೆಚ್ಚೇನೂ ಉಳಿದಿರಲಿಲ್ಲ. ದೂರದೃಷ್ಟಿಯುಳ್ಳ ಸ್ಟೀವನ್ಸನು ಸಂಗ್ರಹಕ್ಕೆ 200 ಪೌಂಡುಗಳ ವಿಮೆ ಮಾಡಿಸಿದ್ದುದರಿಂದ ಅವನು ಉಪವಾಸ ಬೀಳಲಿಲ್ಲ. ಆದರೆ ಜೀವಜಾತಿಗಳ ಪ್ರಶ್ನೆಯನ್ನು ಬಿಡಿಸಲೆಂದು ತನಗಾಗಿ ಇಟ್ಟುಕೊಂಡಿದ್ದ ಕೀಟಗಳಿಗೆ ಯಾವ ಹಣವೂ ಸಮವಲ್ಲ.

ಇನ್ನೆಂದೂ ಹಡಗನ್ನೇರುವುದಿಲ್ಲವೆಂದು ಕಡಲಿನ ಮೇಲೆ ಅವನು ಅನೇಕ ಸಲ ಸಂಕಲ್ಪ ಮಾಡಿದ್ದನು. ನೆಲದ ಮೇಲೆ ಕಾಲಿಟ್ಟ ಕೆಲವೇ ದಿನಗಳಲ್ಲಿ ಮುಂದಿನ ಪ್ರಯಾಣದ ವಿಚಾರ ಮೊದಲಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ಪ್ರಾಣಿವಿಜ್ಞಾನ ಸಂಘದಲ್ಲಿ ಅವನು ಅಮೆಜಾನಿನ ಕೋತಿಗಳನ್ನು ಕುರಿತು ಒಂದು ಪ್ರಬಂಧವನ್ನೋದಿದನು. ಮಹಾನದಿಯ ಒಂದು ದಡದಲ್ಲಿರುವ ಕೋತಿಯ ಜಾತಿ ಎಷ್ಟೋ ಕಡೆ ಎದುರು ದಡದಲ್ಲಿ ಇರುವುದಿಲ್ಲವೆಂದು ಅದರಲ್ಲಿ ತೋರಿಸಿದನು. ವಸ್ತುಸಂಗ್ರಹಾಲಯಗಳ ಚೀಟಿಗಳ ಮೇಲೆ ಬ್ರೆಜಿಲ್ ಎಂದೋ ಪೆರು ಎಂದೋ ಬರೆದು ಸುಮ್ಮನಾಗುವ ರೂಢಿಯನ್ನು ಅವನು ಆಕ್ಷೇಪಿಸಿದನು. ಯಾವ ಊರು, ನದಿಯ ಯಾವ ದಡ ಎಂಬುದು ತಿಳಿಯದೆ ಪ್ರಾಣಿಗಳ ಎಲ್ಲೆಯನ್ನು ಗುರುತಿಸುವುದೆಂತು? ಸಂಗ್ರಹವು ಸುಟ್ಟುಹೋದರೂ ಈ ಅರಿವು ಅವನಲ್ಲಿ ಉಳಿದುಬಂದಿತು.

1854ರ ಏಪ್ರಿಲಿನಲ್ಲಿ ವಾಲೇಸನು ಸಿಂಗಪುರವನ್ನು ತಲುಪಿದನು. ಚಾರ್ಲ್ಸ್ ಆಲೆನ್ ಎಂಬ ಹುಡುಗನು ಸಹಾಯಕನಾಗಿ ಜೊತೆಗಿದ್ದನು. ಅವರ ದಿನಚರಿ ಗಡಿಯಾರದಂತೆ ನಡೆಯುತ್ತಿತ್ತು. ಬೆಳಿಗ್ಗೆ ಐದೂವರೆಗೆ ಎದ್ದು ಸ್ನಾನ ಮಾಡಿ, ಕಾಫಿ ಕುಡಿದು, ಹಿಂದಿನ ದಿನದ ಕೀಟಗಳನ್ನು ವಿಂಗಡಿಸಿ ಒಣಗಲು ಇಡುವುದು. ಅಷ್ಟರಲ್ಲಿ ಚಾರ್ಲ್ಸನು ಬಲೆಗಳನ್ನು ಹೊಲಿದು ಸೂಜಿಗಳನ್ನು ಅಣಿಮಾಡುವುದು. ಎಂಟಕ್ಕೆ ಊಟ, ಒಂಬತ್ತಕ್ಕೆ ಕಾಡು. ವಾಲೇಸನ ಕೈಯಲ್ಲಿ ಬಲೆ, ಹೆಗಲಿನಲ್ಲಿ ಪೆಟ್ಟಿಗೆ, ಕಡಿಯುವ ಕಣಜಗಳನ್ನು ಹಿಡಿಯಲು ಚಿಮಟ, ಕೊರಳಿನಲ್ಲಿ ದಾರ ಕಟ್ಟಿ ತೂಗುಬಿಟ್ಟ ಎರಡು ಸೀಸೆಗಳು. ಮಧ್ಯಾಹ್ನ ಎರಡು ಮೂರು ಗಂಟೆಗೆ ಐವತ್ತು ಅರವತ್ತು ದುಂಬಿಗಳೊಡನೆ ಹಿಂದಿರುಗಿ, ಮತ್ತೆ ಸ್ನಾನ ಮಾಡಿ, ಸಂಜೆಯವರೆಗೂ ಸೂಜಿ ಚುಚ್ಚುವ ಕೆಲಸ. ಕೀಟಗಳು ಹೆಚ್ಚಾಗಿದ್ದರೆ ರಾತ್ರಿ ಒಂಬತ್ತರವರೆಗೂ ಅದು ಮುಂದುವರಿಯುವುದು. ಹೀಗೆ ಎರಡು ತಿಂಗಳಲ್ಲಿ, ಚದರ ಮೈಲಿಗಿಂತ ಹೆಚ್ಚಿಲ್ಲದ ಒಂದು ತುಂಡು ಕಾಡಿನಲ್ಲಿ, ಅವನು 700 ಜಾತಿಯ ದುಂಬಿಗಳನ್ನು ಕೂಡಿಸಿದನು.

ಚಾರ್ಲ್ಸನು ಒಳ್ಳೆಯ ಹುಡುಗನೇ. ಆದರೆ ಅವನ ಕೈಗೆ ನೇರ್ಪು ಬರಲಿಲ್ಲ. ಸೂಜಿ ವಾಲುವುದು, ಒಂದು ರೆಕ್ಕೆ ಮೇಲೇರಿ ಇನ್ನೊಂದು ಕೆಳಗಿಳಿಯುವುದು. ತಪ್ಪನ್ನು ತೋರಿಸಿದರೆ ಒಪ್ಪಿಕೊಳ್ಳುವನು. ಮರುದಿನ ಅದೇ ತಪ್ಪನ್ನು ಮಾಡುವನು. ವರ್ಷವೊಂದು ಕಳೆದರೂ ಈ ಪಾಠ ದಿನವೂ ನಡೆಯುತ್ತಿತ್ತೆಂದು ವಾಲೇಸನು ಬೇಸರದಿಂದಲೂ ವಿನೋದದಿಂದಲೂ ಮನೆಗೆ ಬರೆದನು. ಕಡೆಗೆ ಅವರಿಬ್ಬರೂ ಬೇರೆಯಾದರು. ಸಾರವಾಕಿನಲ್ಲಿ ಕೆಲಸಕ್ಕೆ ಸೇರಿದ ಆಲಿ ಎಂಬ ಮಲಯ ತರುಣನು ಆ ಸ್ಥಾನವನ್ನು ತುಂಬಿದನು. ಆಲಿ ಬಲುಬೇಗ ಪಕ್ಷಿಗಳ ಚರ್ಮವನ್ನು ಸುಲಿದು ಕಾಪಿಡುವ ವಿದ್ಯೆಯನ್ನು ಕಲಿತು, ವಾಲೇಸನ ಅತ್ಯಂತ ನಂಬಿಕೆಯ ಸಂಗಡಿಗನಾದನು. ವಾಲೇಸನ ಹೆಸರಿನಿಂದಲೇ ಪ್ರಸಿದ್ಧವಾದ ಒಂದು ಸ್ವರ್ಗಪಕ್ಷಿಯನ್ನು ಮೊದಲು ಹೊಡೆದು ತಂದವನು ಆಲಿಯೇ. ಇಂಥ ಸ್ಥಳೀಯರ ಕಣ್ಣೂ ಕೈಯೂ ಇಲ್ಲದಿದ್ದರೆ ಆ ಮಹಾಸಂಗ್ರಹವು ಸಾಧ್ಯವಾಗುತ್ತಿರಲಿಲ್ಲ.

1855ರಲ್ಲಿ ಬೋರ್ನಿಯೋ ದ್ವೀಪದ ಸಿಮುಂಜೋನ್ ಎಂಬಲ್ಲಿ ಕಲ್ಲಿದ್ದಲ ಗಣಿಗಾಗಿ ಕಾಡನ್ನು ಕಡಿಯುತ್ತಿದ್ದರು. ಕಡಿದುಬಿದ್ದ ಮರಗಳ ಮೇಲೆ ದುಂಬಿಗಳು ಮುತ್ತುತ್ತಿದ್ದವು. ವಾಲೇಸನು ಅಲ್ಲಿಯ ಡಯಾಕ್ ಮತ್ತು ಚೀನೀ ಕೂಲಿಗಾರರಿಗೆ ಕೀಟವೊಂದಕ್ಕೆ ಒಂದು ಸೆಂಟಿನಂತೆ ಕೊಡುವುದಾಗಿ ಸಾರಿದನು. ಒಂದೇ ದಿನ ಅವನಿಗೆ 76 ಬಗೆಯ ದುಂಬಿಗಳು ದೊರೆತವು. ಅವುಗಳಲ್ಲಿ 34 ಅವನು ಎಂದೂ ಕಂಡಿರದವು. ಬೋರ್ನಿಯೋ ಒಂದರಲ್ಲಿಯೇ ಅವನು ಸಂಗ್ರಹಿಸಿದ ದುಂಬಿಯ ಬಗೆಗಳು ಸುಮಾರು 2,000.

ಹಿಡಿದದ್ದನ್ನು ಉಳಿಸಿಕೊಳ್ಳುವುದು ಹಿಡಿಯುವುದಕ್ಕಿಂತ ದೊಡ್ಡ ಹೋರಾಟವಾಗಿತ್ತು. ಆ ದ್ವೀಪಗಳ ಗಾಳಿಯಲ್ಲಿಯೇ ತೇವವಿದೆ. ಬಿಸಿಲಿಲ್ಲದ ದಿನ ಕೀಟಗಳಿಗೆ ಬೂಷ್ಟು ಹಿಡಿಯುತ್ತದೆ. ಇರುವೆಗಳಂತೂ ಹಗಲಿರುಳು ಹೊಂಚುತ್ತವೆ. ಲಂಬೋಕ್ ದ್ವೀಪದಲ್ಲಿ ಅವನಿಗೆ ಮೇಜೂ ಇರಲಿಲ್ಲ. ಒಂದು ಹಳೆಯ ಬೆಂಚಿನ ನಾಲ್ಕು ಕಾಲುಗಳನ್ನೂ ನೀರು ತುಂಬಿದ ತೆಂಗಿನ ಚಿಪ್ಪುಗಳಲ್ಲಿರಿಸಿ, ಇರುವೆಗಳಿಗೆ ಎಟುಕದಂತೆ ಅದರ ಮೇಲೆ ತನ್ನ ವಸ್ತುಗಳನ್ನಿಟ್ಟನು. 1858ರಲ್ಲಿ ನ್ಯೂಗಿನಿಯ ಡೋರೆ ಎಂಬಲ್ಲಿ ಕಪ್ಪಿರುವೆಗಳು ಗುಡಿಸಲಿನ ಛಾವಣಿಯಲ್ಲಿಯೇ ಗೂಡು ಕಟ್ಟಿದವು. ಅವನು ಕೀಟಗಳನ್ನು ಜೋಡಿಸುತ್ತಿರುವಾಗಲೇ ಮೇಜನ್ನೇರಿ, ರಟ್ಟಿಗೆ ಅಂಟಿಸಿದ ಹುಳುಗಳನ್ನೂ ಕಿತ್ತು ಹೊತ್ತೊಯ್ಯುತ್ತಿದ್ದವು. ಅದೇ ಕಾಲದಲ್ಲಿ ಅವನ ಕಾಲಿಗೆ ಗಾಯವಾಗಿ ಹುಣ್ಣಾಯಿತು. ಸುತ್ತಲಿನ ಕಾಡಿನಲ್ಲಿ ಅಪೂರ್ವ ಚಿಟ್ಟೆಗಳು ಹಾರಾಡುತ್ತಿರಲು ಅವನು ವಾರಗಟ್ಟಲೆ ಗುಡಿಸಲಿನಲ್ಲಿ ಬಂದಿಯಾಗಿದ್ದನು. ಇವೆಲ್ಲವನ್ನೂ ದಾಟಿ ಪೆಟ್ಟಿಗೆಗಳು ಹಡಗನ್ನೇರಿದ ಮೇಲೂ, ಹೆಲೆನ್ ಹಡಗಿನ ಬೆಂಕಿಯನ್ನು ಕಂಡವನಿಗೆ ಅವು ಲಂಡನ್ ಸೇರಿದ ಸುದ್ದಿ ಬರುವವರೆಗೆ ನೆಮ್ಮದಿಯೆಲ್ಲಿ? ಸುದ್ದಿ ಬರಲು ತಿಂಗಳುಗಳೇ ಬೇಕಾಗುತ್ತಿದ್ದವು.

ಈ ಕಷ್ಟಗಳನ್ನೆಲ್ಲ ಮರೆಯಿಸುವ ಗಳಿಗೆಗಳೂ ಉಂಟು. ಬಚನ್ ದ್ವೀಪದಲ್ಲಿ ಅವನು ಒಂದು ಭಾರಿ ಚಿಟ್ಟೆಯನ್ನು ಮರದೆತ್ತರದಲ್ಲಿ ಕಂಡು ತಿಂಗಳುಗಟ್ಟಲೆ ಅದಕ್ಕಾಗಿ ಕಾದನು. ಕಡೆಗೆ 1859ರ ಆದಿಯಲ್ಲಿ, ಹೂಬಿಟ್ಟ ಒಂದು ಪೊದೆಯ ಬಳಿ ಅದು ಅವನ ಬಲೆಗೆ ಬಿದ್ದಿತು. ರೆಕ್ಕೆಯ ಹರವು ಏಳು ಅಂಗುಲಕ್ಕೂ ಮಿಗಿಲು. ಮಖಮಲ್ಲಿನಂಥ ಕಪ್ಪಿನ ನಡುವೆ ಕೆಂಡದಂಥ ಕಿತ್ತಳೆಯ ಬಣ್ಣ. ಬಲೆಯಿಂದ ತೆಗೆದು ರೆಕ್ಕೆಗಳನ್ನು ಬಿಡಿಸಿದಾಗ ಅವನ ಎದೆ ಹೊಡೆದುಕೊಂಡಿತು, ರಕ್ತ ತಲೆಗೇರಿತು. ಆ ದಿನವೆಲ್ಲ ತಲೆನೋವು ಬಿಡಲಿಲ್ಲ. ಐಶ್ವರ್ಯಕ್ಕೆ ಹೆಸರಾದ ಪ್ರಾಚೀನ ರಾಜ ಕ್ರೀಸಸನ ಹೆಸರನ್ನು ಅವನು ಆ ಚಿಟ್ಟೆಗೆ ಇಟ್ಟನು.

ವಾಲೇಸನು ಒಂದೊಂದು ಜಾತಿಯ ಒಂದೆರಡು ಕೀಟಗಳನ್ನು ಹಿಡಿದು ತೃಪ್ತನಾಗುತ್ತಿರಲಿಲ್ಲ. ಮಾರಾಟಕ್ಕೆ ಹೋಗುವವಲ್ಲದೆ ತನ್ನ ಅಧ್ಯಯನಕ್ಕೆಂದು ಒಂದೇ ಜಾತಿಯ ಹಲವನ್ನು, ಬೇರೆ ಬೇರೆ ದ್ವೀಪಗಳಿಂದ, ಚೀಟಿ ಸಹಿತವಾಗಿ ತೆಗೆದಿಡುತ್ತಿದ್ದನು. ಒಂದನ್ನೇ ಇಟ್ಟುಕೊಂಡವನಿಗೆ ಜಾತಿಯೆಂಬುದು ಅಚ್ಚಿನಲ್ಲಿ ಎರೆದ ಗೊಂಬೆಯಂತೆ ತೋರುತ್ತದೆ. ಹತ್ತಾರನ್ನು ಸಾಲಾಗಿ ನಿಲ್ಲಿಸಿದವನಿಗೆ ಯಾವ ಎರಡೂ ಒಂದೇ ಸಮನಾಗಿಲ್ಲವೆಂಬುದು ಗೋಚರಿಸುತ್ತದೆ. ನೆರೆಯ ದ್ವೀಪಗಳ ಕೀಟಗಳನ್ನು ಅಕ್ಕಪಕ್ಕದಲ್ಲಿ ನೆಟ್ಟರೆ, ಒಂದೇ ಮನೆತನದ ಕವಲುಗಳಂತೆ ಅವು ತುಸುತುಸುವೇ ಬೇರೆಯಾಗುತ್ತ ಹೋಗಿರುವುದು ಕಾಣುತ್ತದೆ. 1856ರಲ್ಲಿ ಬಾಲಿಯಿಂದ ಲಂಬೋಕಿಗೆ ದಾಟಿದಾಗ, ಆ ಕಿರಿದಾದ ಜಲಸಂಧಿಯ ಆಚೆಗೆ ಪಕ್ಷಿಗಳೇ ಬೇರೆಯಾದುದನ್ನು ಅವನು ಗಮನಿಸಿದನು. ಬಾಲಿಯಲ್ಲಿ ಏಷ್ಯದ ಹಕ್ಕಿಗಳು. ಲಂಬೋಕಿನಲ್ಲಿ ಆಸ್ಟ್ರೇಲಿಯದ ಕಡೆಯ ಕಾಕಟೂ ಗಿಳಿಗಳು. ಈ ಎರಡು ಜೀವಲೋಕಗಳ ನಡುವಣ ಎಲ್ಲೆಯನ್ನು ಇಂದಿಗೂ ವಾಲೇಸ್ ರೇಖೆಯೆಂದು ಕರೆಯುತ್ತಾರೆ. ಸ್ಥಳದ ಹೆಸರಿಲ್ಲದ ಸಂಗ್ರಹದಿಂದ ಇಂಥ ರೇಖೆಯನ್ನು ಎಳೆಯುವುದು ಅಸಾಧ್ಯ.

1858ರ ಫೆಬ್ರವರಿಯಲ್ಲಿ, ಚಳಿಜ್ವರದಿಂದ ಮಲಗಿದ್ದಾಗ, ಬಹುಕಾಲದ ಪ್ರಶ್ನೆಗೆ ಅವನಿಗೆ ಉತ್ತರ ಹೊಳೆಯಿತು. ಜೀವಿಗಳು ಬದುಕಿ ಉಳಿಯುವುದಕ್ಕಿಂತ ಬಹಳ ಹೆಚ್ಚಾಗಿ ಹುಟ್ಟುತ್ತವೆ. ಅವುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿದೆ. ಪರಿಸರಕ್ಕೆ ಒಗ್ಗುವ ವ್ಯತ್ಯಾಸವುಳ್ಳವು ಉಳಿದು ಸಂತಾನವನ್ನು ಬೆಳೆಸುತ್ತವೆ, ಉಳಿದವು ಅಳಿಯುತ್ತವೆ. ಹೀಗೆ ಕಾಲಾಂತರದಲ್ಲಿ ಹೊಸ ಜಾತಿಗಳು ಮೂಡುತ್ತವೆ. ಇದನ್ನು ಒಂದು ಪ್ರಬಂಧವಾಗಿ ಬರೆದು ಟರ್ನೇಟ್ ದ್ವೀಪದಿಂದ ಚಾರ್ಲ್ಸ್ ಡಾರ್ವಿನ್ನನಿಗೆ ಕಳುಹಿಸಿದನು. ಇಪ್ಪತ್ತು ವರ್ಷಗಳಿಂದ ಅದೇ ತತ್ತ್ವವನ್ನು ಬೆಳೆಸುತ್ತ, ಪ್ರಕಟಿಸದೆ ಇದ್ದ ಡಾರ್ವಿನ್ನನು ಓದಿ ದಿಗ್ಭ್ರಾಂತನಾದನು. ಗೆಳೆಯರ ಏರ್ಪಾಡಿನಂತೆ 1858ರ ಜುಲೈ 1ರಂದು ಲಂಡನ್ನಿನ ಲಿನಿಯನ್ ಸಂಘದಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಲಾಯಿತು. ಆ ಸಮಯದಲ್ಲಿ ಬಹುದೂರದ ದ್ವೀಪಗಳಲ್ಲಿದ್ದ ವಾಲೇಸನಿಗೆ ಇದರ ಸುಳಿವೂ ಇರಲಿಲ್ಲ. ತಿಳಿದ ಮೇಲೆ ಅವನು ಅಸಮಾಧಾನಗೊಳ್ಳಲಿಲ್ಲ. ಮುಂದೆ 1889ರಲ್ಲಿ ಆ ತತ್ತ್ವವನ್ನು ವಿವರಿಸಿ ಬರೆದ ಗ್ರಂಥಕ್ಕೆ ಡಾರ್ವಿನ್ನನ ಹೆಸರನ್ನೇ ಇಟ್ಟನು.

1862ರಲ್ಲಿ ವಾಲೇಸನು ಸ್ವದೇಶಕ್ಕೆ ಹಿಂದಿರುಗಿದನು. ಎಂಟು ವರ್ಷಗಳಲ್ಲಿ ಅವನು ಸಂಚರಿಸಿದ್ದು ಸುಮಾರು 14,000 ಮೈಲಿ; ಸಂಗ್ರಹಿಸಿದ್ದು 1,25,660 ವಸ್ತುಗಳು. ಇವುಗಳಲ್ಲಿ ದುಂಬಿಗಳೇ 83,200. ಚಿಟ್ಟೆ ಮತ್ತು ಪತಂಗಗಳು 13,100. ಇತರ ಕೀಟಗಳು 13,400. ತನ್ನ ಚಿಟ್ಟೆಗಳ ಸಾಲುಗಳನ್ನು ಪರಿಶೀಲಿಸಿ, ಬೇರೆ ಬೇರೆ ಜಾತಿಗಳೆಂದು ಪಂಡಿತರು ಭಾವಿಸಿದ್ದ ಕೆಲವು ಹೆಣ್ಣು ಚಿಟ್ಟೆಗಳು ಒಂದೇ ಜಾತಿಯ ಹಲವು ರೂಪಗಳೆಂದು ಅವನು ತೋರಿಸಿಕೊಟ್ಟನು. 1869ರಲ್ಲಿ ಪ್ರಕಟವಾದ ಮಲಯ ದ್ವೀಪಸಮೂಹದ ಪ್ರವಾಸಗ್ರಂಥವು ಅವನ ಕೀರ್ತಿಯನ್ನು ಎಲ್ಲೆಡೆ ಹರಡಿತು. ಆದರೆ ಕೀರ್ತಿಯೊಡನೆ ಸಿರಿ ಬರಲಿಲ್ಲ. ಅವನ ಸಂಪಾದನೆಯನ್ನು ಸ್ಟೀವನ್ಸನು ಭಾರತದ ರೈಲ್ವೆ ಸಾಲಪತ್ರಗಳಲ್ಲಿ ಭದ್ರವಾಗಿ ತೊಡಗಿಸಿದ್ದನು. ವಾಲೇಸನು ಅದನ್ನು ತೆಗೆದು ನಂಬಲಾಗದ ಉದ್ಯಮಗಳಲ್ಲಿ ಹಾಕಿ ಕಳೆದುಕೊಂಡನು. ಕಡೆಗೆ 1881ರಲ್ಲಿ ಡಾರ್ವಿನ್ನನ ಪ್ರಯತ್ನದಿಂದ ಸರ್ಕಾರವು ವರ್ಷಕ್ಕೆ 200 ಪೌಂಡುಗಳ ವಿಶ್ರಾಂತಿ ವೇತನವನ್ನು ನೀಡಿತು. 1908ರಲ್ಲಿ ಇಂಗ್ಲೆಂಡಿನ ಶ್ರೇಷ್ಠ ಗೌರವಗಳಲ್ಲೊಂದಾದ ಆರ್ಡರ್ ಆಫ್ ಮೆರಿಟ್ ಅವನಿಗೆ ಲಭಿಸಿತು. 1913ರ ನವೆಂಬರ್ 7ರಂದು, ತೊಂಬತ್ತು ವರ್ಷ ತುಂಬಿದ ಆ ಹಿರಿಯ ಜೀವ ಇಹಲೋಕವನ್ನು ತ್ಯಜಿಸಿತು.

ಅಷ್ಟು ಜೀವಿಗಳನ್ನು ಕೊಂದ ಈ ಮನುಷ್ಯನು ಅವುಗಳ ಅಳಿವನ್ನು ಕುರಿತು ಚಿಂತಿಸದವನಲ್ಲ. ನಾಗರಿಕ ಮಾನವನು ಈ ಕಾಡುಗಳನ್ನು ಹೊಕ್ಕಾಗ, ಅವುಗಳ ಸೌಂದರ್ಯವನ್ನು ಅರಿಯಬಲ್ಲ ಅವನೇ ಅವುಗಳ ನಾಶಕ್ಕೂ ಕಾರಣನಾಗುವನೆಂದು ಅವನು ಮನಗಂಡಿದ್ದನು. ಅಳಿಯುವ ಮುನ್ನ ಜೀವಜಾತಿಗಳ ಪೂರ್ಣ ಸಂಗ್ರಹಗಳನ್ನು ಮಾಡಿ, ಎಲ್ಲರ ಅಧ್ಯಯನಕ್ಕೆ ಒದಗುವಂತೆ ಕಾಪಾಡಬೇಕೆಂದು ಸರ್ಕಾರಗಳನ್ನು ಒತ್ತಾಯಿಸಿದನು.

ಬಚನ್ ದ್ವೀಪದಲ್ಲಿ ಅವನು ಹೆಬ್ಬೆರಳಿನ ಗಾತ್ರದ ಒಂದು ಕಪ್ಪು ಜೇನ್ನೊಣವನ್ನು ಹಿಡಿದಿದ್ದನು. ಜಗತ್ತಿನ ಜೇನ್ನೊಣಗಳಲ್ಲೆಲ್ಲ ಅದೇ ಅತಿ ದೊಡ್ಡದು. ಅನಂತರ ನೂರಿಪ್ಪತ್ತು ವರ್ಷಗಳಿಗೂ ಮಿಕ್ಕಿ ಆ ಜಾತಿಯು ವಿಜ್ಞಾನಿಗಳ ಕಣ್ಣಿಗೆ ಬೀಳಲಿಲ್ಲ. ನಾಶವಾಗಿರಬೇಕೆಂದೇ ಹಲವರು ಎಣಿಸಿದರು. 1981ರಲ್ಲಿ ಅದೇ ದ್ವೀಪಗಳಲ್ಲಿ ಅದು ಮರಳಿ ಕಂಡಿತು. 2019ರಲ್ಲಿ ಅದರ ಸಜೀವ ಛಾಯಾಚಿತ್ರವೂ ದೊರೆಯಿತು. ಅದನ್ನು ಎಲ್ಲಿ ಹುಡುಕಬೇಕೆಂಬುದಕ್ಕೆ ಆಧಾರವಾಗಿ ಆಕ್ಸ್‌ಫರ್ಡಿನ ವಸ್ತುಸಂಗ್ರಹಾಲಯದಲ್ಲಿ ವಾಲೇಸನು ಹಿಡಿದ ಆ ನೊಣವಿದ್ದಿತು. ಕಾಡಿನ ಗುಡಿಸಲಿನಲ್ಲಿ ಜ್ವರವನ್ನೂ ಇರುವೆಗಳನ್ನೂ ಲೆಕ್ಕಿಸದೆ, ಒಂದು ಸೂಜಿಯನ್ನು ನೆಟ್ಟಗೆ ಚುಚ್ಚಿ, ಒಂದು ಹೆಸರನ್ನು ಸರಿಯಾಗಿ ಬರೆದಿಟ್ಟವನ ಶ್ರಮವು ಅವನ ತರುವಾಯವೂ ಫಲ ಕೊಡುತ್ತಲೇ ಇದೆ.